ಮಗು ಆಡಿದ ಮಾತು ಮತ್ತು ಕೇಳಿದವರ ಹೊಣೆ: ಶಾಲಾ ಮನೋವಿಜ್ಞಾನಿಯ ನೈತಿಕ ನಿರ್ಧಾರಗಳು

ಮಕ್ಕಳ ಕಲಿಕೆ, ನಡವಳಿಕೆ ಮತ್ತು ಭಾವನೆಗಳಲ್ಲಿ ತಲೆದೋರುವ ತೊಡಕುಗಳನ್ನು ಶಾಲೆಯ ಆವರಣದಲ್ಲಿಯೇ ಗುರುತಿಸಿ, ಮಗು, ಪಾಲಕರು ಮತ್ತು ಶಿಕ್ಷಕರೊಡನೆ ಸಮಾಲೋಚಿಸಿ, ಅಗತ್ಯ ಬಿದ್ದಾಗ ವೈದ್ಯರ ಬಳಿಗೆ ಕಳುಹಿಸಿಕೊಡುವ ವೃತ್ತಿಯನ್ನು ಶಾಲಾ ಮನೋವಿಜ್ಞಾನ ಎಂದು ಕರೆಯಲಾಗುತ್ತದೆ. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ತೆರೆದ ಚಿಕಿತ್ಸಾಲಯಕ್ಕೆ ಬಂದ ಮೊದಲ ಮಗು ಕಾಗುಣಿತದಲ್ಲಿ ತೀರ ಹಿಂದುಳಿದಿದ್ದ ಒಬ್ಬ ಬಾಲಕನಾಗಿದ್ದು, ಅವನನ್ನು ಕರೆತಂದವರು ಅವನ ಶಿಕ್ಷಕಿಯೇ ಆಗಿದ್ದರಿಂದ, ಈ ವೃತ್ತಿ ಹುಟ್ಟಿನಿಂದಲೇ ಶಾಲೆಯ ಅಂಗಳದ್ದು. ಕರ್ನಾಟಕದಲ್ಲಿ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಆರಂಭವಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಆ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಷ್ಟು ದೀರ್ಘ ಪರಂಪರೆಯಿದ್ದರೂ ಸರ್ಕಾರಿ ಶಾಲೆಯ ಹೊಸ್ತಿಲಿನೊಳಗೆ ಮನೋವಿಜ್ಞಾನಿ ಕಾಲಿಟ್ಟಿದ್ದು ಅಪರೂಪ. ಯಾದಗಿರಿ, ಶಹಾಪುರ ಮತ್ತು ಸುರಪುರದಂತಹ ಕಡೆ ಈ ಕೆಲಸ ಜಿಲ್ಲಾ ಮಾನಸಿಕ ಆರೋಗ್ಯ ತಂಡ, ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ಗಳ ಆಪ್ತಸಮಾಲೋಚಕರು, ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರು ಮತ್ತು ಎಲ್ಲರಿಗಿಂತ ಹೆಚ್ಚಾಗಿ ಮಕ್ಕಳು ನಂಬುವ ಯಾರೋ ಒಬ್ಬ ಸಹಶಿಕ್ಷಕಿಯ ನಡುವೆ ಹಂಚಿಹೋಗಿದೆ. ನೈತಿಕ ಹೊಣೆ ಹುದ್ದೆಗಿಂತ ಕೆಲಸಕ್ಕೆ ಅಂಟಿಕೊಂಡಿರುವುದರಿಂದ, ಈ ಉಪನ್ಯಾಸದಲ್ಲಿ ಶಾಲಾ ಮನೋವಿಜ್ಞಾನಿ ಎಂಬ ಮಾತು ಈ ಕೆಲಸ ಮಾಡುವ ಎಲ್ಲರಿಗೂ ಅನ್ವಯವಾಗುತ್ತದೆ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ಸುಕದೇಬ್ ಸಾಹಾ ಪ್ರಕರಣದ ತೀರ್ಪಿನಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕ, ಮನೋವಿಜ್ಞಾನಿ ಅಥವಾ ಸಮಾಜಕಾರ್ಯಕರ್ತರನ್ನು ಹೊಂದಿರಬೇಕೆಂದೂ, ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಅಧಿಕೃತ ಸಂಪರ್ಕ ಏರ್ಪಡಿಸಿಕೊಳ್ಳಬೇಕೆಂದೂ ಸೂಚಿಸಿತು. ಸೂಚನೆ ಜಾರಿಗೆ ಬಂದಂತೆಲ್ಲ ಹುದ್ದೆಗಳು ತುಂಬಬಹುದು, ಕೊಠಡಿಗೆ ನಾಮಫಲಕವೂ ಬೀಳಬಹುದು. ಆದರೆ ಆ ಕೊಠಡಿಯಲ್ಲಿ ಕುಳಿತವರು ಮಗುವಿನ ಮಾತನ್ನು ಕೇಳಿದ ಮೇಲೆ ಏನು ಮಾಡಬೇಕೆಂಬುದನ್ನು ನೇಮಕಾತಿ ಆದೇಶ ಹೇಳಿಕೊಡುವುದಿಲ್ಲ.

ನೈತಿಕ ಇಕ್ಕಟ್ಟು ಎಂಬ ಪರಿಭಾಷೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಸರಿ ಮತ್ತು ತಪ್ಪುಗಳ ನಡುವೆ ಆಯ್ಕೆ ಮಾಡುವುದು ಇಕ್ಕಟ್ಟಲ್ಲ, ಅದಕ್ಕೆ ಧೈರ್ಯವೊಂದಿದ್ದರೆ ಸಾಕು. ಎರಡೂ ಸರಿಯಾದ ಕರ್ತವ್ಯಗಳೇ ಆಗಿದ್ದು, ಒಂದನ್ನು ಪಾಲಿಸಿದರೆ ಮತ್ತೊಂದಕ್ಕೆ ಚ್ಯುತಿ ಬರುವಂತಹ ಸ್ಥಿತಿಯೇ ಇಕ್ಕಟ್ಟು. 1984ರಲ್ಲಿ ಕರೆನ್ ಕಿಚನರ್ ಎಂಬ ಅಮೆರಿಕದ ಮನೋವಿಜ್ಞಾನಿ ಇಂತಹ ಸಂದರ್ಭಗಳನ್ನು ತೂಗಿ ನೋಡಲು ಐದು ತತ್ತ್ವಗಳನ್ನು ಮುಂದಿಟ್ಟರು: ವ್ಯಕ್ತಿಯ ಸ್ವಾಯತ್ತತೆಯನ್ನು ಗೌರವಿಸುವುದು, ಹಾನಿ ಮಾಡದಿರುವುದು, ಒಳಿತನ್ನು ಮಾಡುವುದು, ನ್ಯಾಯವಾಗಿ ನಡೆದುಕೊಳ್ಳುವುದು ಮತ್ತು ಕೊಟ್ಟ ಮಾತಿಗೆ ನಿಷ್ಠರಾಗಿರುವುದು. ಅದಕ್ಕೂ ಮೊದಲು, 1953ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘ ತನ್ನ ಮೊದಲ ನೀತಿಸಂಹಿತೆಯನ್ನು ಪ್ರಕಟಿಸಿದಾಗ ಅನುಸರಿಸಿದ ವಿಧಾನ ಗಮನಾರ್ಹವಾದುದು. ಸಮಿತಿಯವರು ಗ್ರಂಥಾಲಯದಲ್ಲಿ ಕುಳಿತು ನಿಯಮ ಬರೆಯುವ ಬದಲು, ಸದಸ್ಯರೆಲ್ಲರಿಗೂ ಪತ್ರ ಬರೆದು, ಅವರವರ ವೃತ್ತಿಯಲ್ಲಿ ನಿಜವಾಗಿ ಎದುರಾದ ಇಕ್ಕಟ್ಟಿನ ಪ್ರಸಂಗಗಳನ್ನು ಸಾವಿರಕ್ಕೂ ಮಿಗಿಲಾಗಿ ಸಂಗ್ರಹಿಸಿ, ಅವುಗಳಿಂದ ಸೂತ್ರಗಳನ್ನು ಹೆಕ್ಕಿ ತೆಗೆದರು. ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಬೇಕಾಗಿರುವ ನೀತಿಸಂಹಿತೆಯೂ ಇದೇ ರೀತಿ ಇಲ್ಲಿಯ ಪ್ರಸಂಗಗಳಿಂದಲೇ ಮೂಡಿಬರಬೇಕಾದದ್ದು.

ಏಕೆಂದರೆ ಇಲ್ಲಿಯ ಪ್ರಸಂಗಗಳ ಬಗೆಯೇ ಬೇರೆ. 2010ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ರೂಪುಗೊಂಡ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇಕಡ 52ರಷ್ಟಿದ್ದು, ರಾಜ್ಯದಲ್ಲಿಯೇ ಕನಿಷ್ಠವಾಗಿತ್ತು. ಕೃಷ್ಣಾ ಮತ್ತು ಭೀಮಾ ನದಿಗಳು ಹರಿದರೂ, ಕಾಲುವೆಯ ನೀರು ತಲುಪದ ಊರುಗಳಿಂದಲೂ ತಾಂಡಾಗಳಿಂದಲೂ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮಕ್ಕಳು ಅಜ್ಜಿಯ ಮನೆಯಲ್ಲಿಯೋ ವಸತಿ ಶಾಲೆಯಲ್ಲಿಯೋ ಉಳಿಯುತ್ತಾರೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಹಾಜರಿ ಪುಸ್ತಕದಲ್ಲಿ ಒಂದೇ ಓಣಿಯ ಮಕ್ಕಳ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿಯ ಗುರುತು ಬೀಳುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವ ಮಗು ಶಾಲೆಯಲ್ಲಿ ಪುಸ್ತಕದ ಕನ್ನಡವನ್ನು ಓದುತ್ತದೆ. ಪಾಲಕರ ಸಮ್ಮತಿ, ಮಗುವಿನ ಗೌಪ್ಯತೆ, ಪರೀಕ್ಷೆಯ ನ್ಯಾಯಪರತೆ ಎಂಬ ಪುಸ್ತಕದ ಮಾತುಗಳೆಲ್ಲ ಈ ನೆಲದಲ್ಲಿ ಹೊಸದಾಗಿ ಅರ್ಥ ಪಡೆಯಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ, ಮನೋವಿಜ್ಞಾನಿ ಯಾರಿಗಾಗಿ ಕೆಲಸ ಮಾಡುತ್ತಾನೆ ಎಂಬುದು. ಸಂಬಳ ಕೊಡುವುದು ಇಲಾಖೆ, ಕೊಠಡಿ ಕೊಡುವವರು ಮುಖ್ಯಗುರುಗಳು, ಮಗುವಿನ ಮೇಲೆ ಕಾನೂನಿನ ಹಕ್ಕಿರುವುದು ಪಾಲಕರಿಗೆ. ಆದರೆ ಎದುರಿಗೆ ಕುಳಿತು ಮಾತಾಡುವುದು ಮಗು. ಈ ಇಬ್ಬಂದಿಗೆ ಸುರಪುರದ ಇತಿಹಾಸದಲ್ಲಿಯೇ ಒಂದು ಹಳೆಯ ನಿದರ್ಶನವಿದೆ. 1840ರ ದಶಕದ ಆರಂಭದಿಂದ 1853ರವರೆಗೆ ಅಪ್ರಾಪ್ತ ವಯಸ್ಸಿನ ಅರಸ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡ ಮೆಡೋಸ್ ಟೇಲರ್ ಬ್ರಿಟಿಷರ ಪ್ರತಿನಿಧಿಯೂ ಹೌದು, ಆ ಬಾಲಕನ ಪಾಲನೆಗೆ ನಿಂತವನೂ ಹೌದು. ಬಾಲಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1858ರಲ್ಲಿ ಬಂಡೆದ್ದು ಸೆರೆಯಾದ ಅರಸನನ್ನು ಟೇಲರ್ ಬಂದೀಖಾನೆಯಲ್ಲಿ ಭೇಟಿಯಾದಾಗ, ಪ್ರೇರೇಪಿಸಿದವರು ಯಾರೆಂಬುದು ಈ ಸಲುಗೆಯ ಮೂಲಕವಾದರೂ ಹೊರಬಂದೀತೆಂಬ ಆಸೆ ಆಡಳಿತಕ್ಕಿತ್ತು, ಅರಸ ಮಾತ್ರ ಯಾರ ಹೆಸರನ್ನೂ ಹೇಳಲಿಲ್ಲ. ಟೇಲರನ ವಾತ್ಸಲ್ಯವನ್ನು ಸಂಶಯಿಸಲು ಕಾರಣವಿಲ್ಲ. ಅವನ ಆತ್ಮಕಥೆಯ ಪುಟಗಳೇ ಅದಕ್ಕೆ ಸಾಕ್ಷಿ. ಆದರೂ ಮಗುವಿನ ವಿಶ್ವಾಸವನ್ನು ಗಳಿಸಿದ ವ್ಯಕ್ತಿ ಬೇರೊಂದು ಅಧಿಕಾರದ ಸೇವೆಯಲ್ಲಿಯೂ ಇದ್ದಾಗ, ಆ ವಿಶ್ವಾಸವನ್ನು ಸಾಧನವಾಗಿ ಬಳಸಿಕೊಳ್ಳುವ ಒತ್ತಡ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಇಂದಿನ ಶಾಲೆಯಲ್ಲಿ ಅದು ಇನ್ನಷ್ಟು ಸಾಧಾರಣ ರೂಪದಲ್ಲಿ ಬರುತ್ತದೆ: ಯಾರು ಕಳ್ಳತನ ಮಾಡಿದರೆಂದು ಮಕ್ಕಳಿಂದ ತಿಳಿದುಕೊಂಡು ಹೇಳಿರಿ ಎಂದು ನಿಲಯಪಾಲಕರು ಸಮಾಲೋಚಕಿಯನ್ನು ಕೇಳಿದಾಗ, ಒಮ್ಮೆ ಅದಕ್ಕೆ ಒಪ್ಪಿದರೆ, ಮರುದಿನದಿಂದ ಆ ಕೊಠಡಿಗೆ ಯಾವ ಮಗುವೂ ಮನಸ್ಸು ಬಿಚ್ಚಲು ಬರುವುದಿಲ್ಲ.

ಗೌಪ್ಯತೆಯ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಗೌಪ್ಯತೆಯೆಂದರೆ ಸಮಾಲೋಚನೆಯಲ್ಲಿ ತಿಳಿದುಬಂದ ಸಂಗತಿಯನ್ನು ಮಗುವಿನ ಅನುಮತಿಯಿಲ್ಲದೆ ಬೇರೆಯವರಿಗೆ ತಿಳಿಸದಿರುವ ಬದ್ಧತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆ ಪಡೆಯುವವರಿಗೆ ಇದನ್ನು ಹಕ್ಕಾಗಿ ನೀಡಿದೆ. ಆದರೆ 2012ರ ಪೋಕ್ಸೊ ಕಾಯ್ದೆಯ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ, 19ನೆಯ ಕಲಮು ಇದಕ್ಕೆ ಸ್ಪಷ್ಟ ಎಲ್ಲೆಯನ್ನು ಹಾಕುತ್ತದೆ. ಅಪರಾಧ ನಡೆದಿರುವುದು ಗೊತ್ತಿರುವ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ, ಅದನ್ನು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟಿದ್ದರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಹೀಗಾಗಿ ತಿಳಿಸಬೇಕೋ ಬೇಡವೋ ಎಂಬ ಆಯ್ಕೆಯೇ ಮನೋವಿಜ್ಞಾನಿಗೆ ಉಳಿದಿಲ್ಲ. ಉಳಿದಿರುವುದು ಹೇಗೆ ತಿಳಿಸಬೇಕು, ಮಗುವಿಗೆ ಅದನ್ನು ಯಾವಾಗ ಹೇಳಬೇಕು, ಊರಿಗೆ ಸುದ್ದಿಯಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆಗಳು. ನೈತಿಕ ವಿವೇಕದ ನಿಜವಾದ ಪರೀಕ್ಷೆ ನಡೆಯುವುದು ಇವುಗಳಲ್ಲಿಯೇ.

2025ರ ಆಗಸ್ಟ್ ಕೊನೆಯಲ್ಲಿ ಶಹಾಪುರದ ವಸತಿ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಶಾಲೆಯ ಆವರಣದಲ್ಲಿಯೇ ಮಗುವಿಗೆ ಜನ್ಮ ನೀಡಿದ ಸಂಗತಿ ರಾಜ್ಯವನ್ನೇ ಕಲಕಿತು. ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಾಯಿತು, ಸಿಬ್ಬಂದಿಯ ಅಮಾನತೂ ಆಯಿತು. ಆ ಬಾಲಕಿಯ ಗುರುತಿಗೆ ಸಂಬಂಧಿಸಿದ ಯಾವ ವಿವರವೂ ಇಲ್ಲಿ ಬೇಕಿಲ್ಲ. ಆದರೆ ಶಾಲಾ ಮನೋವಿಜ್ಞಾನದ ದೃಷ್ಟಿಯಿಂದ ಆ ಸಂಗತಿ ಎತ್ತುವ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ: ನೂರಾರು ಜನರ ನಡುವೆ ಊಟ, ಪಾಠ, ನಿದ್ದೆಗಳನ್ನು ಹಂಚಿಕೊಂಡು ಬದುಕುವ ಹುಡುಗಿಗೆ ತಿಂಗಳುಗಟ್ಟಲೆ ತನ್ನ ಸಂಕಟವನ್ನು ಹೇಳಿಕೊಳ್ಳಲು ಒಬ್ಬ ದೊಡ್ಡವರೂ ಏಕೆ ಸಿಗಲಿಲ್ಲ? ನೈತಿಕ ನಡವಳಿಕೆಗೆ ನಾಲ್ಕು ಅಂಗಗಳಿವೆಯೆಂದು ಜೇಮ್ಸ್ ರೆಸ್ಟ್ ಎಂಬ ವಿದ್ವಾಂಸ ವಿವರಿಸಿದ್ದಾನೆ: ಎದುರಿಗಿರುವುದು ನೈತಿಕ ಪ್ರಶ್ನೆಯೆಂದು ಗುರುತಿಸುವ ಸಂವೇದನೆ, ಯಾವುದು ಸರಿಯೆಂದು ತೀರ್ಮಾನಿಸುವ ವಿವೇಚನೆ, ಆ ತೀರ್ಮಾನಕ್ಕೆ ಬೇರೆಲ್ಲಕ್ಕಿಂತ ಮಹತ್ತ್ವ ಕೊಡುವ ಪ್ರೇರಣೆ, ಅದನ್ನು ನಡೆಸಿಯೇ ತೀರುವ ಸ್ಥೈರ್ಯ. ತರಬೇತಿ ಶಿಬಿರಗಳು ಎರಡನೆಯದಕ್ಕೇ ಹೆಚ್ಚು ಸಮಯ ಕೊಡುತ್ತವೆ. ಆದರೆ ಮೊದಲನೆಯದು ಇಲ್ಲದ ಕಡೆ ಉಳಿದ ಮೂರಕ್ಕೆ ಕೆಲಸವೇ ಇಲ್ಲ. ಹಿಂದಿನ ಬೆಂಚಿಗೆ ಸರಿದು ಕುಳಿತ ಹುಡುಗಿ, ಆಟದ ಅವಧಿಯಲ್ಲಿ ಹೊಟ್ಟೆನೋವೆನ್ನುತ್ತ ಒಳಗೇ ಉಳಿಯುವ ಹುಡುಗಿ ಕಣ್ಣಿಗೆ ಬೀಳದಿದ್ದರೆ, ಯಾವ ಕಲಮನ್ನು ಕಂಠಪಾಠ ಮಾಡಿಯೂ ಪ್ರಯೋಜನವಿಲ್ಲ.

ಈಗ ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ನೋಡುವುದು ಉಪಯುಕ್ತ. ಸುರಪುರ ತಾಲ್ಲೂಕಿನ ತಾಂಡಾವೊಂದರ ಹುಡುಗಿ, ತಂದೆತಾಯಿ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ, ಅಜ್ಜಿಯ ಬಳಿ ಇದ್ದು ಎಂಟನೆಯ ತರಗತಿ ಓದುತ್ತಿದ್ದಾಳೆ. ಬಸವ ಜಯಂತಿಯ ಹೊತ್ತಿಗೆ ಮದುವೆ ಗೊತ್ತಾಗಿದೆಯೆಂದು ಸಮಾಲೋಚಕಿಯ ಮುಂದೆ ಹೇಳಿ, “ಯಾರ ಮುಂದನೂ ಹೇಳಬ್ಯಾಡ್ರಿ ಟೀಚರ್, ಗೊತ್ತಾದ್ರ ಸಾಲಿ ಬಿಡಸ್ತಾರ” ಎಂದು ಅಳುತ್ತಾಳೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಇಲ್ಲಿ ಬಾಲ್ಯವಿವಾಹ ಮೂಲತಃ ಅಸಿಂಧು. ಮದುವೆಯ ಹೆಸರಿನಲ್ಲಾದರೂ ಹದಿನೆಂಟರೊಳಗಿನ ಹುಡುಗಿಯೊಡನೆ ಲೈಂಗಿಕ ಸಂಪರ್ಕ ಅತ್ಯಾಚಾರವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿರುವುದರಿಂದ, ನಡೆಯಲಿರುವ ಮದುವೆಯ ಸುದ್ದಿ ಪೋಕ್ಸೊ ಕಾಯ್ದೆ ಹೇಳುವ ಆತಂಕದ ವ್ಯಾಪ್ತಿಗೂ ಸಮೀಪವಾಗಿಯೇ ಇದೆ. ಅಲ್ಲಿಗೆ ಕರ್ತವ್ಯ ಸ್ಪಷ್ಟ. ಆದರೂ ಹುಡುಗಿಯ ಭಯ ಸುಳ್ಳಲ್ಲ: ಅಧಿಕಾರಿಗಳ ಜೀಪು ತಾಂಡಾಕ್ಕೆ ಬಂದ ಮರುದಿನ ಅವಳನ್ನು ಗಡಿಯಾಚೆಯ ನೆಂಟರ ಊರಿಗೆ ಸಾಗಿಸಿ ಅಲ್ಲಿಯೇ ಮದುವೆ ಮಾಡಿ ಮುಗಿಸುವುದು ಅಸಂಭವವೇನಲ್ಲ. ಇಂತಹ ಹೊತ್ತಿನಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಸಮಾಲೋಚಕಿ ಮಾತು ಕೊಟ್ಟರೆ ಅದು ಮುರಿಯಲೇಬೇಕಾದ ಮಾತು. ಏನನ್ನೂ ಹೇಳದೆ ಹೊರಗೆ ಹೋಗಿ ಫೋನು ಮಾಡಿದರೆ ಅದು ನಂಬಿಕೆದ್ರೋಹ. ಇವೆರಡರ ನಡುವಿನ ದಾರಿ ಇರುವುದು ಈ ಭೇಟಿಗೂ ಬಹಳ ಹಿಂದೆ. ಯಾವ ಮಗುವೇ ಆಗಲಿ ಮೊದಲ ಸಲ ಬಂದು ಕುಳಿತಾಗಲೇ, ಇಲ್ಲಿ ಹೇಳಿದ್ದು ಇಲ್ಲಿಯೇ ಉಳಿಯುತ್ತದೆ, ಆದರೆ ನಿನಗೆ ಯಾರಾದರೂ ಕೇಡು ಮಾಡುತ್ತಿದ್ದರೆ, ನೀನು ನಿನಗೆ ಕೇಡು ಮಾಡಿಕೊಳ್ಳುವಂತಿದ್ದರೆ, ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಸಹಾಯ ಮಾಡಬಲ್ಲ ಇಬ್ಬರು ಮೂವರಿಗೆ ತಿಳಿಸಬೇಕಾಗುತ್ತದೆ, ತಿಳಿಸುವ ಮೊದಲು ನಿನಗೇ ಹೇಳುತ್ತೇನೆ ಎಂಬುದನ್ನು ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಿರಬೇಕು. ಹೀಗೆ ಮಾತಿಗೆ ಮುಂಚೆಯೇ ಮಿತಿಯನ್ನು ತಿಳಿಸಿಡುವುದು ಈ ವೃತ್ತಿಯ ಮೊದಲ ಪ್ರಾಮಾಣಿಕತೆ. ಅನಂತರವೇ 1098 ಮಕ್ಕಳ ಸಹಾಯವಾಣಿ, ಮಕ್ಕಳ ಕಲ್ಯಾಣ ಸಮಿತಿ, ಬಾಲ್ಯವಿವಾಹ ನಿಷೇಧಾಧಿಕಾರಿ ಎಂಬ ಬಾಗಿಲುಗಳು. ಅವುಗಳಲ್ಲಿ ಯಾವುದನ್ನು ಮೊದಲು ತಟ್ಟಬೇಕು, ದೂರು ಶಾಲೆಯಿಂದ ಬಂತೆಂಬುದು ಹೊರಬೀಳದಂತೆ ಹೇಗೆ ನೋಡಿಕೊಳ್ಳಬೇಕು, ಅಜ್ಜಿಯೊಡನೆ ಯಾರು ಮಾತಾಡಬೇಕು, ಅಗತ್ಯವಾದರೆ ಆ ರಾತ್ರಿ ಹುಡುಗಿ ಎಲ್ಲಿರಬೇಕು ಎಂಬುದನ್ನೆಲ್ಲ ಸಾಧ್ಯವಾದಷ್ಟೂ ಹುಡುಗಿಯನ್ನೇ ಕೇಳಿಕೊಂಡು ನಿರ್ಧರಿಸಬೇಕು.

ಪಾಲಕರ ಸಮ್ಮತಿಯ ವಿಷಯವನ್ನು ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. ಭಾರತದ ಕಾನೂನಿನಲ್ಲಿ ಹದಿನೆಂಟರೊಳಗಿನವರ ಪರವಾಗಿ ನಿರ್ಧರಿಸುವವರು ಪಾಲಕರು. ಇಂಗ್ಲೆಂಡಿನಲ್ಲಿ 1985ರ ಗಿಲ್ಲಿಕ್ ತೀರ್ಪಿನ ಅನಂತರ ಬಂದಂತಹ, ತಿಳಿವಳಿಕೆ ಬಂದ ಮಗು ತಾನೇ ಚಿಕಿತ್ಸೆಗೆ ಸಮ್ಮತಿಸಬಹುದೆಂಬ ನಿಯಮ ಇಲ್ಲಿಲ್ಲ. ಗುಳೆ ಹೋದ ತಂದೆಯ ಸಮ್ಮತಿಯನ್ನು ಫೋನಿನಲ್ಲಿ ಪಡೆಯಬೇಕಾಗುತ್ತದೆ; ಊರಲ್ಲಿರುವ ಪಾಲಕರೂ ಓದಲು ಬಾರದ ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಾರೆ. ಶಾಲೆಯವರು ಕೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ಒತ್ತಿದ ಹೆಬ್ಬೆಟ್ಟನ್ನು ಸಮ್ಮತಿಯೆಂದು ಕಡತದಲ್ಲಿ ಸೇರಿಸುವುದು ಸುಲಭ. ಪರೀಕ್ಷೆ ಏನು, ಏಕೆ, ಅದರಿಂದ ಮಗುವಿಗೆ ಏನಾಗಬಹುದು ಎಂಬುದನ್ನು ಅವರ ಮಾತಿನಲ್ಲಿ ತಿಳಿಸಿ, ಬೇಡವೆನ್ನಲು ಅವರಿಗೆ ನಿಜವಾದ ಅವಕಾಶ ಕೊಟ್ಟ ಮೇಲೆ ಮಾತ್ರ ಆ ಗುರುತಿಗೆ ಬೆಲೆ.

ಪರೀಕ್ಷೆಯ ವಿಷಯ ಮಾತ್ರ ಹೆಚ್ಚು ಗಮನವನ್ನು ಬೇಡುತ್ತದೆ. ಬುದ್ಧಿಶಕ್ತಿಯನ್ನು ಅಳೆಯಲು 1905ರಲ್ಲಿ ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ರೂಪಿಸಿದ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಇಂದಿಗೂ ಬಳಕೆಯಲ್ಲಿದೆ. ಭಾರತೀಯ ಮಕ್ಕಳನ್ನು ಅವರ ಭಾಷೆಯಲ್ಲಿಯೇ ಅಳೆಯಬೇಕೆಂಬ ಕಾಮತರ ಹಂಬಲ ಅವರ ಕಾಲಕ್ಕೆ ಬಹಳ ಮುಂದಿತ್ತು, ಅದಕ್ಕೆ ಕನ್ನಡಿಗರು ಋಣಿಗಳಾಗಿರಬೇಕು. ಆದರೆ ಆ ಪ್ರಮಾಣಗಳು ಧಾರವಾಡದ ಕಡೆ ರೂಪುಗೊಳ್ಳುತ್ತಿದ್ದಾಗ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದು, ಅಲ್ಲಿ ಉರ್ದುವೇ ಆಡಳಿತ ಭಾಷೆಯಾಗಿತ್ತು. ತಾಂಡಾದ ಮಕ್ಕಳಂತೂ ಯಾವ ಪ್ರಮಾಣದ ಲೆಕ್ಕದಲ್ಲಿಯೂ ಇರಲಿಲ್ಲ. ಮನೆಯಲ್ಲಿ ಲಂಬಾಣಿ ಆಡುವ, ಎರಡು ವರ್ಷ ಗುಳೆಯಲ್ಲಿ ಕಳೆದು ಮರಳಿದ ಮಗುವನ್ನು ಪದಗಳ ಅರ್ಥ ಕೇಳುವ ಪರೀಕ್ಷೆಗೆ ಕೂರಿಸಿ, ಬಂದ ಅಂಕವನ್ನು ಬುದ್ಧಿಯ ಅಂಕವೆಂದು ಬರೆಯುವುದು ಆ ಮಗುವಿಗೆ ಮಾಡುವ ಅನ್ಯಾಯ. ಅಮೆರಿಕದಲ್ಲಿ ಕಪ್ಪು ಮಕ್ಕಳನ್ನು ಇಂತಹ ಅಂಕಗಳ ಆಧಾರದ ಮೇಲೆ ಮಂದಬುದ್ಧಿಯ ತರಗತಿಗಳಿಗೆ ತಳ್ಳುವುದನ್ನು 1979ರಲ್ಲಿ ಲ್ಯಾರಿ ಪಿ. ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಒಕ್ಕೂಟ ನ್ಯಾಯಾಲಯ ತಡೆಯಬೇಕಾಯಿತು.

ಇದರ ಜೊತೆಗೆ ಫಲಿತಾಂಶದ ಒತ್ತಡವೂ ಸೇರುತ್ತದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆ ಶೇಕಡ 50.59ರ ಫಲಿತಾಂಶದೊಡನೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. ಇಂತಹ ಸನ್ನಿವೇಶದಲ್ಲಿ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಸಾಮಾನ್ಯವಾಗಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತೋರುವ ತೊಡಕು, ಎಂಬ ಪ್ರಮಾಣಪತ್ರವನ್ನು ಹಿಂದುಳಿದ ಮಕ್ಕಳಿಗೆಲ್ಲ ಕೊಡಿಸಿದರೆ ರಿಯಾಯಿತಿ ಸಿಕ್ಕಿ ಉತ್ತೀರ್ಣರ ಸಂಖ್ಯೆ ಏರುತ್ತದೆಯೆಂಬ ಆಲೋಚನೆ ಶಾಲೆಗೆ ಬಂದರೆ ಆಶ್ಚರ್ಯವಿಲ್ಲ. ಅದರ ಹಿಂದೆ ಕೆಟ್ಟ ಉದ್ದೇಶವಿರಬೇಕೆಂದೇನೂ ಇಲ್ಲ, ಮಗುವಿಗೂ ತಕ್ಷಣಕ್ಕೆ ಲಾಭವೇ. ಆದರೂ ಮನೋವಿಜ್ಞಾನಿ ಇದಕ್ಕೆ ಸಹಿ ಹಾಕುವಂತಿಲ್ಲ. ಹತ್ತಿ ಹೊಲದಲ್ಲಿ ಕಳೆದುಹೋದ ದಿನಗಳಿಗೆ, ಖಾಲಿ ಉಳಿದ ಶಿಕ್ಷಕರ ಹುದ್ದೆಗಳಿಗೆ, ಮನೆಮಾತಿಗೂ ಪಾಠದ ಭಾಷೆಗೂ ಇರುವ ದೂರಕ್ಕೆ ಹೊಣೆಯಾದ ವ್ಯವಸ್ಥೆಯ ಕೊರತೆಯನ್ನು ಮಗುವಿನ ಮಿದುಳಿನ ಕೊರತೆಯೆಂದು ಬರೆದುಕೊಟ್ಟರೆ, ವ್ಯವಸ್ಥೆ ಬಿಡುಗಡೆಯಾಗುತ್ತದೆ, ಹಣೆಪಟ್ಟಿ ಮಾತ್ರ ಮಗುವಿನೊಡನೆ ಉಳಿಯುತ್ತದೆ. ನಿಜವಾಗಿ ಆ ನ್ಯೂನತೆಯಿರುವ ಮಗುವಿನ ಪ್ರಮಾಣಪತ್ರವನ್ನೂ ಜನ ಅನುಮಾನದಿಂದ ನೋಡತೊಡಗುತ್ತಾರೆ. ಸಹಿ ಹಾಕದಿರುವಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಈ ಮಗುವಿಗೆ ಬೇಕಾಗಿರುವುದು ಆರು ತಿಂಗಳ ಸೇತುಬಂಧ ಪಾಠ, ಪ್ರಮಾಣಪತ್ರವಲ್ಲ ಎಂದು ಮುಖ್ಯಗುರುಗಳಿಗೆ ಲಿಖಿತವಾಗಿ ತಿಳಿಸುವುದೂ ಅದೇ ನಿರ್ಧಾರದ ಭಾಗ.

ದಾಖಲೆಯ ವಿಷಯ ಮೇಲುನೋಟಕ್ಕೆ ಚಿಕ್ಕದು. ಪ್ರತ್ಯೇಕ ಕೊಠಡಿಯಿಲ್ಲದ ಶಾಲೆಯಲ್ಲಿ ಸಮಾಲೋಚನೆ ನಡೆಯುವುದು ಬಿಸಿಯೂಟದ ಅಡುಗೆಕೋಣೆಯ ಪಕ್ಕದ ಪಡಸಾಲೆಯಲ್ಲಿ. ಟಿಪ್ಪಣಿಯ ಪುಸ್ತಕ ಇರುವುದು ಮುಖ್ಯಗುರುಗಳ ಕೋಣೆಯ ಬೀರುವಿನಲ್ಲಿ, ಹಾಜರಿ ಪುಸ್ತಕ ಮತ್ತು ಟಿ.ಸಿ. ಕಡತಗಳ ಮಗ್ಗುಲಿಗೆ. ಅದೇ ಊರಿನವರೇ ಆದ ಅಡುಗೆಯವರು, ಎಸ್‌ಡಿಎಂಸಿ ಸದಸ್ಯರು, ಸಹಶಿಕ್ಷಕರು ಎಲ್ಲರೂ ಒಂದಲ್ಲ ಒಂದು ಮಗುವಿನ ನೆಂಟರೇ. ತಪಾಸಣೆಗೆ ಬಂದ ಅಧಿಕಾರಿ ಸಮಾಲೋಚನೆ ನಡೆದಿದೆಯೇ ಎಂದು ಕೇಳಿದರೆ ತೋರಿಸಲು ಒಂದು ಪುಸ್ತಕ ಬೇಕು. ಅದರಲ್ಲಿ ದಿನಾಂಕ, ತರಗತಿ ಮತ್ತು ಒಂದು ಸಂಕೇತ ಸಂಖ್ಯೆ ಇದ್ದರೆ ಸಾಕು. ಮಗು ಹೇಳಿದ್ದನ್ನು ಬರೆದಿಡುವ ಟಿಪ್ಪಣಿ ಬೇರೆ, ಅದರ ಕೀಲಿ ಒಬ್ಬರ ಬಳಿ ಮಾತ್ರ. ಇಷ್ಟನ್ನು ಮಾಡಲು ಅನುದಾನವೂ ಬೇಕಿಲ್ಲ, ಸುತ್ತೋಲೆಯೂ ಬೇಕಿಲ್ಲ.

ಕೊನೆಯದಾಗಿ ಗಮನಿಸಬೇಕಾದದ್ದು ಒಂಟಿತನ. ಈ ವೃತ್ತಿಯ ನೀತಿಸಂಹಿತೆಗಳು ಸಾಮಾನ್ಯವಾಗಿ ಕಷ್ಟದ ನಿರ್ಧಾರಕ್ಕೆ ಮುನ್ನ ಅನುಭವಿ ಸಹೋದ್ಯೋಗಿಯನ್ನು ಕೇಳಿರಿ ಎನ್ನುತ್ತವೆ. ಹುಣಸಗಿ ಕಡೆಯ ಹಳ್ಳಿಯ ಶಾಲೆಯಲ್ಲಿ ಕುಳಿತ ಸಮಾಲೋಚಕಿಗೆ ಕೇಳಲು ಸಹೋದ್ಯೋಗಿಯೇ ಇಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಹಾಯವಾಣಿ ಸಂಕಟದಲ್ಲಿರುವ ಮಗುವಿಗೆ ನೆರವಾಗುತ್ತದೆ, ಆದರೆ ನಿರ್ಧಾರ ತೆಗೆದುಕೊಳ್ಳಬೇಕಾದ ವೃತ್ತಿಪರರಿಗಾಗಿ ರೂಪಿಸಿದ್ದಲ್ಲ. ಯಾದಗಿರಿಯ ಜಿಲ್ಲಾ ಮಾನಸಿಕ ಆರೋಗ್ಯ ತಂಡ, ಮಕ್ಕಳ ಕಲ್ಯಾಣ ಸಮಿತಿ ಮತ್ತು ಶಿಕ್ಷಣ ಇಲಾಖೆ ಸೇರಿ, ತಿಂಗಳಿಗೊಮ್ಮೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಸರದಿಯಂತೆ ಈ ಕೆಲಸ ಮಾಡುವವರನ್ನೆಲ್ಲ ಒಂದು ಮಧ್ಯಾಹ್ನ ಕೂಡಿಸಿ, ಮಗುವಿನ ಹೆಸರು ಊರುಗಳನ್ನು ತೆಗೆದುಹಾಕಿದ ಒಂದೆರಡು ಪ್ರಸಂಗಗಳನ್ನು ಚರ್ಚಿಸಿ, ಏನು ಮಾಡಲಾಯಿತು, ಏಕೆ, ಅದರಿಂದ ಮಗುವಿಗೆ ಏನಾಯಿತು ಎಂಬುದನ್ನು ಬರೆದಿಡುತ್ತ ಹೋದರೆ, ಕೆಲವು ವರ್ಷಗಳಲ್ಲಿ 1953ರ ಆ ಸಮಿತಿಯ ಸಂಗ್ರಹಕ್ಕೆ ಸಮನಾದ, ಹತ್ತಿ ಹೊಲ, ಗುಳೆ, ತಾಂಡಾ, ವಸತಿ ನಿಲಯಗಳಿಂದಲೇ ಎದ್ದುಬಂದ ಪ್ರಸಂಗಕೋಶವೊಂದು ಕನ್ನಡದಲ್ಲಿ ಸಿದ್ಧವಾಗುತ್ತದೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ ನಾಳೆ ನೇಮಕವಾಗಿ ಬರುವ ಹೊಸ ಸಮಾಲೋಚಕರ ಕೈಗೆ ನೇಮಕಾತಿ ಆದೇಶದೊಡನೆ ಕೊಡಬೇಕಾದ ಪುಸ್ತಕ ಅದೇ. ಅದರ ಮೊದಲ ಸಭೆಯನ್ನು ಕರೆಯಲು ಈಗಿರುವ ಸಿಬ್ಬಂದಿಯೇ ಸಾಕು.